ಹುಳಕ್ಕೂ ಒಂದು ಪಾಲು
ಇವತ್ತು ಅಂತರಗಂಗೆಯ (ನೀರಿನ ಮೇಲೆ ಹಬ್ಬುವ ಕಳೆ, ವಾಟರ್ ಹಯಸಿಂತ್) ಒಂದು ಎಲೆ ಕಿತ್ತು ನೋಡಿದೆ. ಮೈತುಂಬ ಪುಟ್ಟ ಪುಟ್ಟ ಚೌಕದ ಕಲೆಗಳು, ಯಾರೋ ಸುಮ್ನೆ ಉಗುರಲ್ಲಿ ಕೆರೆದ ಹಾಗೆ. ನಿಯೋಕೆಟಿನಾ ಎಂಬ ಮೂತಿಹುಳದ ಕೆಲಸ. ಉದ್ದ 5 ಮಿಲಿಮೀಟರ್ ಅಷ್ಟೇ. ದಕ್ಷಿಣ ಅಮೆರಿಕದ ಕಳೆಗೆ ಅಲ್ಲಿಂದಲೇ ತಂದ ಶತ್ರು.

ಜಾಸ್ತಿ ಹಾನಿ ಮಾಡುವುದು ಮರಿಹುಳು, ತೊಟ್ಟಿನೊಳಗೆ ಸುರಂಗ ಕೊರೆದು. ಆದರೆ ಫಲ ಕಾಣಲು ವರ್ಷಗಳೇ ಬೇಕು. ಅದಕ್ಕೇ ಕಳೆನಾಶಕವನ್ನೂ ಹೊಡೆಯುತ್ತಾರೆ. ಇಡೀ ನೀರಿಗೆ ಹೊಡೆದರೆ ಗಿಡ ಕೊಳೆತು ಮುಳುಗುತ್ತದೆ, ಜೊತೆಗೆ ಮರಿಗಳೂ. ಆಮೇಲೆ ಬೀಜ ಮೊಳೆತಾಗ ತಿನ್ನಲು ಹುಳವೇ ಇರುವುದಿಲ್ಲ.

ಹಾಗಾಗಿ ನಡುನಡುವೆ ಒಂದಿಷ್ಟು ಹಸಿರು ಬಿಟ್ಟು ಹೊಡೆಯಬೇಕು. ಬೆಳೆದ ಹುಳಗಳು ಅಲ್ಲಿಗೆ ದಾಟಿಕೊಳ್ಳುತ್ತವೆ. ದಡದಲ್ಲಿ ನಿಂತವರಿಗೆ ಮಾತ್ರ ಇದು ಅರ್ಧಕ್ಕೇ ಕೈಬಿಟ್ಟ ಕೆಲಸದ ಹಾಗೇ ಕಾಣುತ್ತದೆ, ಅಲ್ವಾ?