ಜಪಾನಿಗೆ ವಿಮಾನ ಹತ್ತುವ ಮುಂಚೆಯೇ ಐಡಿಪಿ ಮಾಡಿಸಿ

"ಜಪಾನಿಗೆ ಬರ್ತಿದ್ದೀವಿ, ಹೊಕ್ಕೈಡೊದಲ್ಲಿ ಕಾರು ಬಾಡಿಗೆಗೆ ತಗೊಂಡು ಸುತ್ತೋಣ ಅಂತಿದ್ದೀವಿ" ಎಂದು ಊರಿಂದ ಯಾರು ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಒಂದೇ. ಐಡಿಪಿ ಮಾಡಿಸಿದ್ದೀರಾ? ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್? "ಅಲ್ಲಿಗೆ ಬಂದ ಮೇಲೆ ಮಾಡಿಸಿಕೊಂಡರಾಯ್ತು ಅಲ್ವಾ?" ಎನ್ನುವವರೇ ಜಾಸ್ತಿ. ಆಗುವುದಿಲ್ಲ. ನಿಮಗೆ ಡಿಎಲ್ ಕೊಟ್ಟ ದೇಶವೇ ಈ ಪರ್ಮಿಟ್ಟನ್ನೂ ಕೊಡಬೇಕು. ಇಲ್ಲಿನ ಪೊಲೀಸರಾಗಲಿ ಬಾಡಿಗೆ ಕಂಪನಿಯವರಾಗಲಿ ಏನೂ ಮಾಡಲಾರರು. ವಿದೇಶದಲ್ಲಿದ್ದಾಗ ಐಡಿಪಿ ಅವಧಿ ಮುಗಿದರೆ ಭಾರತದ ರಾಯಭಾರ ಕಚೇರಿ ಮೂಲಕ ಮತ್ತೆ ಅರ್ಜಿ ಹಾಕಬಹುದು ಎಂಬ ನಿಯಮ 2021ರಲ್ಲಿ ಬಂತು. ಆದರೆ ಹತ್ತು ದಿನದ ಪ್ರವಾಸಕ್ಕೆ ಬಂದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಟೋಕಿಯೊ, ಒಸಾಕಾ, ಕ್ಯೋಟೊ ನೋಡಲು ಕಾರು ಬೇಕಾಗಿಲ್ಲ. ರೈಲಿನಲ್ಲೇ ಹೋಗಿ, ಪಾರ್ಕಿಂಗ್ ತಲೆನೋವೂ ತಪ್ಪುತ್ತದೆ. ಆದರೆ ಹೊಕ್ಕೈಡೊದ ಬಿಯೆಯ್, ಫುರಾನೊ ಕಡೆಯ ಹೂವಿನ ಹೊಲಗಳು, ಇನ್ನೂ ಪೂರ್ವಕ್ಕೆ ಶಿರೆತೊಕೊ, ಕ್ಯೂಷುವಿನ ಅಸೊ ಜ್ವಾಲಾಮುಖಿ ಸುತ್ತಲಿನ ಹುಲ್ಲುಗಾವಲು, ಇವನ್ನೆಲ್ಲ ನಿಮಗೆ ಬೇಕಾದ ಕಡೆ ನಿಲ್ಲಿಸಿಕೊಂಡು ನೋಡಬೇಕಾದರೆ ಕಾರೇ ಸರಿ. ಒಕಿನಾವಾದಲ್ಲಂತೂ ಮೊನೊರೈಲು ಇರುವುದು ನಾಹಾ ಊರಿನ ಆಸುಪಾಸಿಗೆ ಮಾತ್ರ. ಅದರಾಚೆ ಬಸ್ಸಿಗೆ ಕಾಯುತ್ತಾ ಅರ್ಧ ದಿನ ಹೋಗಿಬಿಡುತ್ತದೆ. ಅಷ್ಟು ದೂರದಿಂದ ದುಡ್ಡು ಹಾಕಿಕೊಂಡು ಬಂದು, ಐಡಿಪಿ ಅನ್ನುವ ಒಂದು ಪುಸ್ತಿಕೆ ಇಲ್ಲ ಅಂತ ಇದೆಲ್ಲ ತಪ್ಪಿಹೋದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಹೀಗೆ ತಪ್ಪಿಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಪರಿಚಯದವರ ಕುಟುಂಬವೊಂದು ಸಪ್ಪೊರೊ ಹತ್ತಿರದ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕಾರು ಬುಕ್ ಆಗಿತ್ತು, ಹೋಟೆಲುಗಳೂ ಬುಕ್ ಆಗಿದ್ದವು. ಬಾಡಿಗೆ ಕೌಂಟರಿನಲ್ಲಿ ಅವರು ಮುಂದಿಟ್ಟದ್ದು ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸಿದ್ದ ಪ್ಲಾಸ್ಟಿಕ್ ಕಾರ್ಡು. ನೋಡಲು ಚೆನ್ನಾಗಿತ್ತು. ಮೇಲೆ ಭೂಗೋಳದ ಚಿತ್ರ, ಹತ್ತು ವರ್ಷದ ಅವಧಿ. ಕೌಂಟರಿನ ಹುಡುಗಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ತಿರುಗಿಸಿ ನೋಡಿದಳು, ಒಳಗೆ ಹೋಗಿ ಹಿರಿಯರೊಬ್ಬರನ್ನು ಕೇಳಿಕೊಂಡು ಬಂದಳು. ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು, ಆದರೆ ಕಾರು ಕೊಡಲಿಲ್ಲ. ಕೊಡುವ ಹಾಗೂ ಇಲ್ಲ. ಮಕ್ಕಳು ಸೂಟ್‌ಕೇಸ್ ಮೇಲೆ ಕೂತು ಅಪ್ಪನ ಮುಖ ನೋಡುತ್ತಿದ್ದವು.

ಆ ಕಾರ್ಡು ಏಕೆ ನಡೆಯುವುದಿಲ್ಲ ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ರಸ್ತೆ ಸಂಚಾರದ ಬಗ್ಗೆ ದೇಶ ದೇಶಗಳ ನಡುವೆ ಒಂದಲ್ಲ, ಹಲವು ಒಪ್ಪಂದಗಳಿವೆ. 1926ರದು ಪ್ಯಾರಿಸ್, 1949ರದು ಜಿನೀವಾ, 1968ರದು ವಿಯೆನ್ನಾ. ಜಪಾನ್ ಒಪ್ಪುವುದು 1949ರ ಜಿನೀವಾ ಒಪ್ಪಂದದ ಮಾದರಿಯ ಐಡಿಪಿಯನ್ನು ಮಾತ್ರ. ಭಾರತ ಆ ಒಪ್ಪಂದದಲ್ಲಿ ಇದೆ, ನಮ್ಮ ಆರ್‌ಟಿಓ ಕೊಡುವುದೂ ಅದೇ ಮಾದರಿಯದು. ಜರ್ಮನಿಯವರಿಗೆ, ಫ್ರಾನ್ಸಿನವರಿಗೆ ಈ ಅನುಕೂಲ ಇಲ್ಲ. ಅವರು ತಮ್ಮ ಲೈಸೆನ್ಸಿಗೆ ಅಧಿಕೃತ ಜಪಾನಿ ಅನುವಾದ ಮಾಡಿಸಿಕೊಳ್ಳಬೇಕು. 1949ರ ಮಾದರಿಯ ಪರ್ಮಿಟ್ಟಿಗೆ ಅವಧಿ ಒಂದೇ ವರ್ಷ. ಹಾಗಾಗಿ ಮೂರು ವರ್ಷ, ಹತ್ತು ವರ್ಷ ಅಂತ ಯಾರಾದರೂ ಮಾರುತ್ತಿದ್ದರೆ ಅದು ಜಪಾನಿನಲ್ಲಿ ನಡೆಯುವುದಿಲ್ಲ ಅಂತ ಅಲ್ಲಿಗೇ ತಿಳಿದುಕೊಳ್ಳಿ.

ಮಾಡಿಸುವುದು ಕಷ್ಟವೇನಲ್ಲ. ಪರಿವಾಹನ್‌ನ ಸಾರಥಿ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಚಾಲ್ತಿಯಲ್ಲಿರುವ ಡಿಎಲ್, ಪಾಸ್‌ಪೋರ್ಟು ಬೇಕು. ಮುಂಚೆ ವೀಸಾ ಪ್ರತಿ, ಮೆಡಿಕಲ್ ಸರ್ಟಿಫಿಕೇಟ್ ಕೇಳುತ್ತಿದ್ದರು. 2021ರ ತಿದ್ದುಪಡಿಯಲ್ಲಿ ಅವೆರಡೂ ಷರತ್ತನ್ನು ತೆಗೆದುಹಾಕಿದ್ದಾರೆ. ವೀಸಾ ಬರಲಿ ಅಂತ ಕಾಯಬೇಡಿ. 2022ರಿಂದ ದೇಶಕ್ಕೆಲ್ಲ ಒಂದೇ ರೂಪದ ಪುಸ್ತಿಕೆ, ಡಿಎಲ್ ಜೊತೆ ಹೊಂದಿಸಲು ಅದರಲ್ಲಿ ಕ್ಯೂಆರ್ ಕೋಡ್ ಕೂಡ ಇರುತ್ತದೆ. ಲರ್ನಿಂಗ್ ಲೈಸೆನ್ಸ್ ಮೇಲೆ ಇದು ಸಿಗುವುದಿಲ್ಲ. ಡಿಎಲ್ ಅವಧಿಯೇ ಮೊದಲು ಮುಗಿಯುವುದಾದರೆ ಐಡಿಪಿಯೂ ಅಂದೇ ಮುಗಿಯುತ್ತದೆ. ಆದ್ದರಿಂದ ಮೊದಲು ಡಿಎಲ್ ರಿನ್ಯೂ ಮಾಡಿಸಿ, ಆಮೇಲೆ ಇದಕ್ಕೆ ಹೋಗಿ.

ಪುಸ್ತಿಕೆ ಕೈಗೆ ಬಂದ ಕೂಡಲೇ ಬ್ಯಾಗಿಗೆ ಹಾಕಿಕೊಳ್ಳಬೇಡಿ. ತೆರೆದು ನೋಡಿ. ಕವರಿನ ಮೇಲೆ 1949ರ ಸೆಪ್ಟೆಂಬರ್ 19ರ ಒಪ್ಪಂದದ ಉಲ್ಲೇಖ ಇದೆಯಾ? ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯಾ? ಆಮೇಲೆ ನಿಮ್ಮ ಫೋಟೊ ಇರುವ ಪುಟಕ್ಕೆ ಬನ್ನಿ. ಅಲ್ಲಿ ಎ ಇಂದ ಇ ತನಕ ಐದು ಅಕ್ಷರಗಳಿವೆ, ಒಂದೊಂದೂ ಒಂದೊಂದು ಬಗೆಯ ವಾಹನಕ್ಕೆ. ಎ ಅಂದರೆ ಮೋಟಾರ್ ಸೈಕಲ್, ಬಿ ಅಂದರೆ ಸಾಮಾನ್ಯ ಕಾರು. ನೀವು ಓಡಿಸುವ ವಾಹನದ ಎದುರು ಸೀಲು ಬಿದ್ದಿರಬೇಕು. ಇಲ್ಲಿನ ಕೌಂಟರಿನವರು ಮೊದಲು ನೋಡುವುದೇ ಅದನ್ನು, ಬೆರಳಿಟ್ಟು ನೋಡುತ್ತಾರೆ. ಎ ಎದುರು ಸೀಲಿಲ್ಲದೆ ಬೈಕ್ ಬಾಡಿಗೆ ಕೇಳಿದರೆ ಕೊಡುವುದಿಲ್ಲ. ಸೀಲು ಬಿಟ್ಟುಹೋಗಿದ್ದರೆ ಊರಿನ ಆರ್‌ಟಿಓದಲ್ಲೇ ನಿಂತು ಹಾಕಿಸಿಕೊಂಡು ಬನ್ನಿ. ಐದು ನಿಮಿಷದ ಕೆಲಸ ಅದು. ಇಲ್ಲಿಂದ ಅದಕ್ಕೆ ಪರಿಹಾರವೇ ಇಲ್ಲ.

ಐಡಿಪಿ ಒಂದೇ ಇದ್ದರೆ ಸಾಲದು. ಪಾಸ್‌ಪೋರ್ಟು, ಐಡಿಪಿ, ಊರಿನ ಡಿಎಲ್ ಮೂರನ್ನೂ ಬಾಡಿಗೆ ಕಂಪನಿಯವರು ಕೇಳುತ್ತಾರೆ. ಡಿಜಿಲಾಕರಿನಲ್ಲಿ ಇದೆಯಲ್ಲ ಅಂತ ಕಾರ್ಡನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಐಡಿಪಿಯ ಫೋಟೊ, ಜೆರಾಕ್ಸ್ ಕೂಡ ನಡೆಯುವುದಿಲ್ಲ. ಇಬ್ಬರು ಓಡಿಸುವುದಾದರೆ ಇಬ್ಬರದೂ ಬೇಕು, ಇಬ್ಬರ ಹೆಸರನ್ನೂ ಬರೆಸಬೇಕು.

ಸರಿಯಾದ ಪರ್ಮಿಟ್ ಇಲ್ಲದೆ ಓಡಿಸಿದರೆ ಇಲ್ಲಿ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧವೇ. 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ಯೆನ್‌ವರೆಗೆ ದಂಡ. ಅಪಘಾತವಾದರೆ ಬಾಡಿಗೆ ಕಂಪನಿಯ ಇನ್ಶೂರೆನ್ಸ್ ಕೂಡ ಕೈಬಿಡುತ್ತದೆ. ಗೆಳೆಯನ ಕಾರು ಸಿಗುತ್ತದೆ, ಸುಮ್ನೆ ಒಂದು ರೌಂಡ್ ಹೋಗಿಬರೋಣ ಅನ್ನುವವರು ಇದನ್ನು ಯೋಚಿಸಬೇಕು. ಸಿಕ್ಕಿಬಿದ್ದರೆ ಕಾರು ಕೊಟ್ಟ ಗೆಳೆಯನಿಗೂ ಶಿಕ್ಷೆ ಇದೆ.

ಕೆಲಸಕ್ಕೆಂದು ಬರುವವರಿಗೆ ಇನ್ನೊಂದು ಮಾತು. ಐಡಿಪಿ ನಡೆಯುವುದು ಜಪಾನಿಗೆ ಬಂದಿಳಿದ ದಿನದಿಂದ ಒಂದು ವರ್ಷ, ಅಥವಾ ಅದರ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅದು. ಹಬ್ಬಕ್ಕೆ ಊರಿಗೆ ಹೋಗಿ ಹೊಸದೊಂದು ಮಾಡಿಸಿಕೊಂಡು ಬಂದರಾಯ್ತು ಅಂತ ಹಲವರು ಲೆಕ್ಕ ಹಾಕುತ್ತಾರೆ. ಇಲ್ಲಿ ನಿವಾಸಿಯಾಗಿ ನೋಂದಣಿ ಮಾಡಿಸಿದವರು ಮೂರು ತಿಂಗಳೊಳಗೆ ವಾಪಸ್ ಬಂದರೆ ಆ ವರ್ಷದ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ಪುಸ್ತಿಕೆ ಹೊಸದಿದ್ದರೂ ಪೊಲೀಸರ ಲೆಕ್ಕದಲ್ಲಿ ನಿಮ್ಮ ಹತ್ತಿರ ಲೈಸೆನ್ಸ್ ಇಲ್ಲ.

ಆ ಒಂದು ವರ್ಷದೊಳಗೆ ಊರಿನ ಡಿಎಲ್ಲನ್ನು ಜಪಾನಿ ಲೈಸೆನ್ಸಿಗೆ ಬದಲಿಸಿಕೊಳ್ಳುವುದೇ ದಾರಿ. ಭಾರತದವರಿಗೆ ಲಿಖಿತ ಪರೀಕ್ಷೆಯೂ ಇದೆ, ಓಡಿಸಿ ತೋರಿಸುವ ಪರೀಕ್ಷೆಯೂ ಇದೆ. ಮೊದಲು ಹತ್ತು ಪ್ರಶ್ನೆಗಳಿಗೆ ಏಳು ಸರಿಯಿದ್ದರೆ ಸಾಕಿತ್ತು. 2025ರ ಅಕ್ಟೋಬರಿನಿಂದ 50 ಪ್ರಶ್ನೆ, 45 ಸರಿಯಿರಬೇಕು. ಓಡಿಸುವ ಪರೀಕ್ಷೆಯಲ್ಲಿ ಇಕ್ಕಟ್ಟಾದ ತಿರುವುಗಳಿರುತ್ತವೆ. ಕತ್ತು ತಿರುಗಿಸಿ ಪಕ್ಕ ನೋಡಿದಿರಾ ಅನ್ನುವುದಕ್ಕೂ ಅಂಕ. ಊರಲ್ಲಿ ವರ್ಷಗಟ್ಟಲೆ ಓಡಿಸಿದವರೂ ಫೇಲ್ ಆಗುತ್ತಾರೆ. ಇನ್ನೂ ಒಂದು ವಿಷಯ: ಡಿಎಲ್ ಸಿಕ್ಕಿದ ಮೇಲೆ ಕನಿಷ್ಠ ಮೂರು ತಿಂಗಳು ಆ ದೇಶದಲ್ಲೇ ಇದ್ದಿರಿ ಅಂತ ಇಲ್ಲಿ ತೋರಿಸಬೇಕು. ಹೊರಡುವ ವಾರದಲ್ಲಿ ಅವಸರಕ್ಕೆ ಡಿಎಲ್ ಮಾಡಿಸಿಕೊಂಡು ಬಂದರೆ ಈ ದಾರಿ ಮುಚ್ಚಿಹೋಗುತ್ತದೆ. ಹಳೆಯ ಪಾಸ್‌ಪೋರ್ಟು ಇದ್ದರೆ ಅದನ್ನೂ ತನ್ನಿ, ದಿನಾಂಕ ತೋರಿಸಲು ಬೇಕಾಗುತ್ತದೆ.

ಓಡಿಸುವುದು ನಮ್ಮ ಹಾಗೆ ಎಡಕ್ಕೇ, ಸ್ಟಿಯರಿಂಗ್ ಬಲಕ್ಕೇ. ಆ ಮಟ್ಟಿಗೆ ನಿರಾಳ. ಆದರೆ ತಲೆಕೆಳಗಾದ ಕೆಂಪು ತ್ರಿಕೋನದ ಬೋರ್ಡು ಕಂಡರೆ ಚಕ್ರ ಪೂರ್ತಿ ನಿಲ್ಲಲೇಬೇಕು, ರಸ್ತೆ ಖಾಲಿ ಇದ್ದರೂ. ರೈಲ್ವೆ ಗೇಟು ತೆರೆದಿದ್ದರೂ ಮುಂಚೆ ನಿಲ್ಲಿಸಿ ಎರಡೂ ಕಡೆ ನೋಡಿ ದಾಟಬೇಕು. ಕೆಂಪು ದೀಪ ಇದ್ದಾಗ ಎಡಕ್ಕೆ ತಿರುಗುವ ಹಾಗಿಲ್ಲ, ಹಸಿರು ಬಾಣ ಬಂದರೆ ಮಾತ್ರ. ಕುಡಿದು ಓಡಿಸಿದರೆ ಪಕ್ಕದಲ್ಲಿ ಕೂತವರಿಗೂ, ಕುಡಿಸಿದವರಿಗೂ ಶಿಕ್ಷೆ. ಪೆಟ್ರೋಲ್ ಬಂಕಿನಲ್ಲಿ ನೀವೇ ತುಂಬಿಸುವುದಾದರೆ ಸಾಮಾನ್ಯ ಪೆಟ್ರೋಲಿನ ಪೈಪ್ ಕೆಂಪು, ಡೀಸೆಲ್‌ನದು ಹಸಿರು. ಆರು ವರ್ಷದೊಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಕಾರು ಬುಕ್ ಮಾಡುವಾಗಲೇ ಮಗುವಿನ ವಯಸ್ಸು ಹೇಳಿ ಸೀಟನ್ನೂ ಕೇಳಿಬಿಡಿ.