ಮೇಪಲ್ ಡ್ರಮ್ ಕಿಟ್: ಆರ್ಡರ್ ಬರೆಯುವುದರಿಂದ ಶ್ರುತಿ ಕೂರುವವರೆಗೆ

ಕಸ್ಟಮ್ ಡ್ರಮ್ ಕಿಟ್ ಮಾಡಿಸುವವರು ಸಾಮಾನ್ಯವಾಗಿ ಬಣ್ಣದಿಂದ ಶುರುಮಾಡುತ್ತಾರೆ. ಬಣ್ಣ ಕೊನೆಗಿರಲಿ. ಮರ ಯಾವುದು ಅನ್ನುವುದೂ ಅರ್ಧ ಮಾತು ಮಾತ್ರ. ಒಂದೇ ಮೇಪಲ್, ಒಂದೇ ಅಳತೆ, ಆದರೂ ಒಂದು ಟಾಮ್ (ಕಿಟ್‌ನ ಮಧ್ಯಮ ಗಾತ್ರದ ಡ್ರಮ್) ಹತ್ತು ನಿಮಿಷದಲ್ಲಿ ಶ್ರುತಿಗೆ ಕೂರುತ್ತದೆ, ಇನ್ನೊಂದು ಶ್ರುತಿ ಮಾಡುವ ಕೀ ಎಷ್ಟು ತಿರುಗಿಸಿದರೂ ಗೊರಗುಟ್ಟುತ್ತಲೇ ಇರುತ್ತದೆ. ವ್ಯತ್ಯಾಸ ಇರುವುದು ಬೇರಿಂಗ್ ಎಡ್ಜ್‌ನಲ್ಲಿ, ಅಂದರೆ ಶೆಲ್‌ನ (ಮರದ ಪೊಳ್ಳು ಒಡಲಿನ) ಅಂಚಿನಲ್ಲಿ ಹೆಡ್ (ಬಾರಿಸುವ ತೆಳು ಪೊರೆ) ಬಂದು ಕೂರುವ ಆ ಒಂದೆರಡು ಮಿಲಿಮೀಟರ್ ಜಾಗದಲ್ಲಿ. ಕಸ್ಟಮ್ ಎಂದು ಕೊಡುವ ಹೆಚ್ಚಿನ ದುಡ್ಡು ಸಾರ್ಥಕವಾಗುವುದೂ ಅಲ್ಲೇ, ನೀರುಪಾಲಾಗುವುದೂ ಅಲ್ಲೇ.

ಒಳ್ಳೆಯ ಕಿಟ್‌ಗಳಿಗೆ ಬಳಸುವುದು ಉತ್ತರ ಅಮೆರಿಕದ ಗಟ್ಟಿ ಜಾತಿಯ ಮೇಪಲ್, ಸಿರಪ್‌ಗೆ ರಸ ಕೊಡುವ ಅದೇ ಮರ. ಘನ ಮೀಟರಿಗೆ ಸುಮಾರು 700 ಕೆಜಿ ತೂಗುತ್ತದೆ. ಅದರ ತೆಳು ಹಾಳೆಗಳನ್ನು ಒಂದರ ಎಳೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿ ಶೆಲ್ ಮಾಡುತ್ತಾರೆ. ಸುಮಾರಾಗಿ 6 ಪ್ಲೈ (ಆರು ಹಾಳೆ) ಅಂದರೆ 5 ಮಿಮೀ ದಪ್ಪ, 8 ಪ್ಲೈ ಅಂದರೆ 6.5 ಮಿಮೀ, 10 ಪ್ಲೈ ಅಂದರೆ 8 ಮಿಮೀ. ಶೆಲ್ ತೆಳುವಾದಷ್ಟೂ ಅದರ ಸ್ವಂತ ಸ್ವರ ಕೆಳಗಿರುತ್ತದೆ, ನಾದ ತುಂಬಿಕೊಂಡಂತೆ ಕೇಳುತ್ತದೆ. ದಪ್ಪವಾದಷ್ಟೂ ಪೆಟ್ಟು ಚುರುಕು, ದನಿ ದೂರಕ್ಕೆ ಹೋಗುತ್ತದೆ. ಟಾಮ್‌ಗಳಿಗೂ ಬಾಸ್ ಡ್ರಮ್‌ಗೂ 6 ಪ್ಲೈ, ಸ್ನೇರ್‌ಗೆ (ಕೆಳಗೆ ತಂತಿಗಳಿರುವ ಡ್ರಮ್) 10 ಪ್ಲೈ ಬರೆಸಿದರೆ ಮೇಪಲ್‌ನ ಗುಣ ಚೆನ್ನಾಗಿ ಕೇಳುತ್ತದೆ. ಎಲ್ಲಕ್ಕೂ ದಪ್ಪ ಶೆಲ್ ಹಾಕಿಸಿದರೆ ಮರಕ್ಕೆ ಕೊಟ್ಟ ದುಡ್ಡು ಕಿವಿಗೆ ಸಿಗುವುದಿಲ್ಲ.

ಎಡ್ಜ್ ವಿಷಯದಲ್ಲಿ ಎರಡು ದಾರಿ. 45 ಡಿಗ್ರಿ ಕೋನದ ಚೂಪು ಅಂಚು ಹೆಡ್‌ಗೆ ಕಡಿಮೆ ತಾಗುತ್ತದೆ, ದನಿ ಬಿಚ್ಚಿಕೊಂಡು ಬರುತ್ತದೆ, ಝೇಂಕಾರ ಹೆಚ್ಚು. 30 ಡಿಗ್ರಿಯ ಅಂಚು ಹೆಡ್‌ಗೆ ಹೆಚ್ಚು ತಾಗುವುದರಿಂದ ನಾದ ಬೇಗ ನಿಲ್ಲುತ್ತದೆ, ಬೆಚ್ಚಗಿರುತ್ತದೆ. ಗ್ರೆಚ್ ಕಂಪನಿಯ ಹಳೆಯ ಗುರುತು ಈ 30 ಡಿಗ್ರಿ ಅಂಚು ಮತ್ತು ಶೆಲ್ ಒಳಗಿನ ಬೆಳ್ಳಿ ಬಣ್ಣ. ಸ್ಟುಡಿಯೋ, ಚರ್ಚ್, ಆರ್ಕೆಸ್ಟ್ರಾ ಎಲ್ಲಕ್ಕೂ ಒಂದೇ ಕಿಟ್ ಬೇಕಿದ್ದರೆ, ತುದಿಯನ್ನು ಸ್ವಲ್ಪವೇ ದುಂಡಾಗಿಸಿದ 45 ಡಿಗ್ರಿ ಅಂಚು ಹೇಳಿ.

ಇನ್ನು ಅಳತೆ. ಆರ್ಡರ್‌ನಲ್ಲಿ ಅತಿ ದುಬಾರಿಯಾಗುವ ತಪ್ಪು ಆಗುವುದು ಇಲ್ಲೇ. ಡಿಡಬ್ಲ್ಯೂ ತರಹದ ಕೆಲವು ಡ್ರಮ್ ಕಂಪನಿಯವರು ಆಳವನ್ನು ಮೊದಲು ಬರೆಯುತ್ತಾರೆ, ಪರ್ಲ್, ಟಾಮಾ, ಯಮಹಾ ವ್ಯಾಸವನ್ನು ಮೊದಲು ಬರೆಯುತ್ತಾರೆ. ನೀವು 16×14 ಎಂದಷ್ಟೇ ಬರೆದರೆ 16 ಇಂಚು ಅಗಲದ ಫ್ಲೋರ್ ಟಾಮ್ ಬರಬಹುದು, 14 ಇಂಚು ಅಗಲದ್ದೂ ಬರಬಹುದು. ಎರಡೂ ನಿಜವಾಗಿ ಇರುವ ಅಳತೆಗಳೇ ಆದ್ದರಿಂದ ಮಾಡುವವರಿಗೆ ಅನುಮಾನವೇ ಬರುವುದಿಲ್ಲ. "ವ್ಯಾಸ 16 ಇಂಚು, ಆಳ 14 ಇಂಚು" ಎಂದು ಬಿಡಿಸಿ ಬರೆಯಿರಿ. ನಾಲ್ಕು ಡ್ರಮ್‌ಗಳ ಕಿಟ್‌ಗೆ ಈ ಅಳತೆಗಳನ್ನು ಕಣ್ಣುಮುಚ್ಚಿ ಹೇಳಬಹುದು: ಟಾಮ್ 12 ಇಂಚು ವ್ಯಾಸ, 8 ಆಳ, ಫ್ಲೋರ್ ಟಾಮ್ 16 ವ್ಯಾಸ, 14 ಆಳ, ಬಾಸ್ ಡ್ರಮ್ 22 ವ್ಯಾಸ, 16 ಆಳ, ಸ್ನೇರ್ 14 ವ್ಯಾಸ, 6.5 ಆಳ. ಬಾಸ್ ಡ್ರಮ್‌ಗೆ 18 ಇಂಚು ಆಳ ಕೇಳುವವರು ಬಹಳ. ಚಿಕ್ಕ ವೇದಿಕೆಯಲ್ಲಿ ಆ ಎರಡು ಇಂಚು ಜಾಗ ತಿನ್ನುತ್ತದೆ, ಟಾಮ್ ಕೂಡ ಕೈಯಿಂದ ದೂರ ಸರಿಯುತ್ತದೆ.

ಟಾಮ್ ನಿಲ್ಲಿಸಲು ಬಾಸ್ ಡ್ರಮ್‌ಗೆ ತೂತು ಕೊರೆಸುವುದೋ ಬೇಡವೋ ಎಂಬುದನ್ನು ಆರ್ಡರ್‌ನಲ್ಲೇ ಬರೆಯಬೇಕು, ಕೊರೆದ ತೂತು ಮುಚ್ಚುವುದಿಲ್ಲ. ಕೊರೆಸದೆ, ಟಾಮ್ ಅನ್ನು ಸಿಂಬಲ್ (ಬಾರಿಸುವ ಲೋಹದ ತಟ್ಟೆ) ಸ್ಟ್ಯಾಂಡ್‌ಗೆ ಕ್ಲ್ಯಾಂಪ್ ಹಾಕಿ ತೂಗಿಸುವುದು ಉತ್ತಮ. ಆಗ ಟಾಮ್‌ನ ಬ್ರಾಕೆಟ್‌ಗೆ ಹೋಗುವ ಎಲ್ ಆಕಾರದ ರಾಡ್‌ನ ದಪ್ಪ ಕೇಳಿ ತಿಳಿದುಕೊಳ್ಳಿ: 9.5, 10.5, 12.7 ಮಿಮೀ ಎಂದು ಬೇರೆಬೇರೆ ಬರುತ್ತವೆ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಶೆಲ್ ಪ್ಯಾಕ್ ಎಂದರೆ ಬರೀ ಡ್ರಮ್‌ಗಳು. ಸ್ಟ್ಯಾಂಡ್, ಪೆಡಲ್, ಸ್ಟೂಲ್, ಸಿಂಬಲ್‌ಗಳು ಅದರಲ್ಲಿ ಇರುವುದಿಲ್ಲ, ಹಲವು ಕಡೆ ಸ್ನೇರ್ ಕೂಡ ಇರುವುದಿಲ್ಲ.

ಹೊರದೇಶದಿಂದ ತರಿಸುವುದಾದರೆ ಸಾಗಣೆಯ ಖರ್ಚು ತೂಕದಿಂದಲ್ಲ, ಗಾತ್ರದಿಂದ ಏರುತ್ತದೆ. ವಿಮಾನದ ಸರಕಿಗೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ, ಕೊರಿಯರ್‌ನವರು 5000ದಿಂದ. ಬಾಸ್ ಡ್ರಮ್‌ನ ಪೆಟ್ಟಿಗೆ 65×65×50 ಇದ್ದರೆ ಅದು 35 ಕೆಜಿ ಅಥವಾ 42 ಕೆಜಿ ಎಂದು ಲೆಕ್ಕವಾಗುತ್ತದೆ, ನಿಜವಾದ ತೂಕ ಅದರ ಅರ್ಧವೂ ಇರುವುದಿಲ್ಲ. ಬಾಸ್ ಡ್ರಮ್‌ನ ಒಂದು ಹೆಡ್ ತೆಗೆಸಿ, ಒಳಗೆ ಫ್ಲೋರ್ ಟಾಮ್, ಅದರೊಳಗೆ ಟಾಮ್, ಹೀಗೆ ಒಂದರೊಳಗೊಂದು ಇಡಿಸಿದರೆ ಎರಡು ಪೆಟ್ಟಿಗೆಯ ಖರ್ಚು ಉಳಿಯುತ್ತದೆ. ತೆರೆದ ಅಂಚುಗಳಿಗೆ ಮಾತ್ರ ಫೋಮ್ ಪಟ್ಟಿ ಸುತ್ತಲೇಬೇಕು. ಸುಂಕ ಬೀಳುವುದು ಡ್ರಮ್‌ನ ಬೆಲೆಯ ಮೇಲಷ್ಟೇ ಅಲ್ಲ. ಸಾಗಣೆ, ವಿಮೆ ಸೇರಿಸಿದ ಮೊತ್ತದ ಮೇಲೆ. ಆಮೇಲೆ ಆಮದಿನ ಮೇಲಿನ ತೆರಿಗೆ ಐಜಿಎಸ್‌ಟಿ ಬೇರೆ.

ಪೆಟ್ಟಿಗೆ ಬಂದ ದಿನವೇ ಬಿಚ್ಚಬೇಡಿ. ಕೋಣೆಯಲ್ಲಿ ಒಂದು ದಿನ ಇಡಿ. ತಣ್ಣಗಿನ ಸರಕುಕೋಣೆಯಿಂದ ಬಂದ ಲ್ಯಾಕರ್ ಮೈ ಒಮ್ಮೆಲೇ ಬಿಸಿ ಕಂಡರೆ ಕೂದಲೆಳೆಯ ಬಿರುಕು ಬಿಡಬಹುದು.

ಬಿಚ್ಚಿದ ಮೇಲೆ ಮೊದಲ ಕೆಲಸ ಅಂಚಿನ ಪರೀಕ್ಷೆ. ಎರಡೂ ಹೆಡ್ ತೆಗೆಯಿರಿ. ಊಟದ ಮೇಜಿನ ದಪ್ಪ ಗಾಜಿನಂಥ ಸಮತಟ್ಟಾದ ಗಾಜಿನ ಮೇಲೆ ಶೆಲ್ ಇಡಿ, ಕೋಣೆಯ ದೀಪ ಆರಿಸಿ, ಶೆಲ್ ಒಳಗೆ ಟಾರ್ಚ್ ಹಚ್ಚಿಟ್ಟು, ಕಣ್ಣನ್ನು ಗಾಜಿನ ಮಟ್ಟಕ್ಕೆ ಇಳಿಸಿ ಸುತ್ತ ನೋಡಿ. ಅಂಚು ಸರಿಯಿದ್ದರೆ ಕತ್ತಲು ಕತ್ತಲಾಗಿಯೇ ಇರುತ್ತದೆ. ತಗ್ಗಿದ್ದರೆ ಆ ಜಾಗದಲ್ಲಿ ಬೆಳಕಿನ ಒಂದು ಎಳೆ ಸೋರುತ್ತದೆ. ಅಲ್ಲಿ ಫೀಲರ್ ಗೇಜ್ ತೂರಿಸಿ ನೋಡಿ, ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಹೊಂದಿಸಲು ಬಳಸುತ್ತಾರಲ್ಲ, ಅದೇ. 0.1 ಮಿಮೀ ಪಟ್ಟಿ ಸಲೀಸಾಗಿ ಒಳಹೋದರೆ ಆ ಡ್ರಮ್ ಶ್ರುತಿಗೆ ಸತಾಯಿಸುತ್ತದೆ. ಫೋಟೋ ತೆಗೆದು ಮಾಡಿದವರಿಗೆ ಕಳಿಸಿ. ನೀವೇ ಮರಳು ಕಾಗದ ಹಿಡಿದು ಉಜ್ಜಲು ಹೋದರೆ ಒಂದು ತಗ್ಗು ಮೂರಾಗುತ್ತದೆ. ಒಂದು ಎಚ್ಚರಿಕೆ: ಸ್ನೇರ್‌ನ ಕೆಳಗಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ತಗ್ಗು ಇರಲೇಬೇಕು. ಅದು ಸ್ನೇರ್ ತಂತಿ ಹೆಡ್‌ಗೆ ಅಂಟಿ ಕೂರಲು ಬೇಕೆಂದೇ ಕೆತ್ತಿದ್ದು, ದೋಷವಲ್ಲ.

ಆಮೇಲೆ ದುಂಡು. ವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. 1 ಮಿಮೀಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹೆಡ್ ಇಟ್ಟು ಬೆರಳಿನಿಂದ ತಿರುಗಿಸಿದರೆ ಎಲ್ಲೂ ಸಿಕ್ಕಿಕೊಳ್ಳದೆ ತಿರುಗಬೇಕು. ಶೆಲ್‌ಗಳನ್ನು ಹೆಸರಿನ ಅಳತೆಗಿಂತ 2–3 ಮಿಮೀ ಚಿಕ್ಕದಾಗಿ ಮಾಡುವುದು ಇದಕ್ಕಾಗಿಯೇ. ಬಣ್ಣದ ಬದಲು ಪ್ಲಾಸ್ಟಿಕ್ ರ‍್ಯಾಪ್ ಸುತ್ತಿಸಿದ್ದರೆ ಅದರ ದಪ್ಪಕ್ಕೆ ಹೆಡ್ ಬಿಗಿಯಾಗುವುದುಂಟು. ಲಗ್‌ಗಳನ್ನು (ಹೆಡ್ ಬಿಗಿಯುವ ರಾಡ್‌ಗಳು ಕೂರುವ ಲೋಹದ ತುಂಡುಗಳು) ಶೆಲ್‌ಗೆ ಹಿಡಿದಿರುವ ಒಳಗಿನ ಸ್ಕ್ರೂಗಳು ದಾರಿಯ ಕುಲುಕಾಟಕ್ಕೆ ಸಡಿಲಾಗಿರುತ್ತವೆ, ಅಲುಗದಷ್ಟು ಮಾತ್ರ ಬಿಗಿ ಮಾಡಿ.

ಹೆಡ್ ಹಾಕುವಾಗ ರೆಸೊನೆಂಟ್ ಅಂದರೆ ಕೆಳಗಿನದು ಮೊದಲು. ಟಾಮ್‌ಗಳಿಗೆ ಕೆಳಗೆ 10 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ) ದಪ್ಪದ ಒಂದೇ ಪದರದ್ದು, ಮೇಲೆ 7 ಮಿಲ್‌ನ ಎರಡು ಪದರದ್ದು. ಸ್ನೇರ್ ಕೆಳಗೆ 3 ಮಿಲ್‌ನದು. ಹೆಡ್ ಬಿಗಿಯುವ ಟೆನ್ಷನ್ ರಾಡ್‌ಗಳನ್ನು ಮೊದಲ ಎರಡು ಸುತ್ತು ಕೀ ಇಲ್ಲದೆ ಬೆರಳಲ್ಲೇ ತಿರುಗಿಸಿ. ತಿರುಪಿನ ಎಳೆ ಸರಿಯಾಗಿ ಕೂತರೆ ರಾಡ್ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಮರಳು ಕಚ್ಚಿದಂತೆ ಕರಕರ ಎಂದರೆ ಎಳೆ ಅಡ್ಡಬಿದ್ದಿದೆ, ಹಿಂದೆ ತಿರುಗಿಸಿ ಮತ್ತೆ ಹಾಕಿ. ಬಲ ಹಾಕಿದರೆ ಲಗ್ ಒಳಗಿನ ಎಳೆಯೇ ಹೋಗುತ್ತದೆ.

ಎಲ್ಲವೂ ಬೆರಳಿನ ಬಿಗಿಗೆ ಬಂದ ಮೇಲೆ ಎದುರುಬದುರಿನ ರಾಡ್‌ಗಳಿಗೆ ಅರ್ಧರ್ಧ ಸುತ್ತು, ಎರಡು ಆವರ್ತ. ಅಂಗೈ ಇಟ್ಟು ಹೆಡ್‌ನ ನಡುವೆ ಒತ್ತಿ. ಚಟಪಟ ಸದ್ದು ಬರುತ್ತದೆ, ಅದು ಹೆಡ್‌ನ ಅಂಟು ಹೊಂದಿಕೊಳ್ಳುವ ಸದ್ದು, ಹೆದರಬೇಡಿ. ಇಲ್ಲಿಂದ ಮುಂದೆ ಕಾಲು ಸುತ್ತು, ಆಮೇಲೆ ಅದಕ್ಕೂ ಕಡಿಮೆ. ಇನ್ನೊಂದು ಹೆಡ್ ಜಮಖಾನದ ಮೇಲೆ ಇರಲಿ. ಪ್ರತಿ ರಾಡ್‌ನಿಂದ ಒಂದು ಇಂಚು ಒಳಗೆ ಕೋಲಿನಿಂದ ಮೆಲ್ಲಗೆ ತಟ್ಟಿ ಕೇಳಿ. ಮೃದಂಗದ ಸುತ್ತ ಕಲ್ಲಿನಿಂದ ತಟ್ಟುತ್ತಾ ಎಲ್ಲ ಕಡೆ ಒಂದೇ ಸ್ವರ ತರುವ ಕೆಲಸವೇ ಇದು. ಒಂದು ಜಾಗದ ಸ್ವರ ಏರಲೇ ಇಲ್ಲವೆಂದರೆ ಅದರ ಎದುರಿನ ರಾಡ್ ಹೆಚ್ಚು ಬಿಗಿಯಾಗಿದೆಯೇ ನೋಡಿ. ಅದನ್ನು ಸಡಿಲಿಸಿ ಮತ್ತೆ ಕೆಳಗಿನ ಸ್ವರದಿಂದ ಮೇಲಕ್ಕೆ ಬನ್ನಿ.

ಮೇಲಿನ ಹೆಡ್ ಷಡ್ಜವಾದರೆ ಕೆಳಗಿನದನ್ನು ಸಾಧಾರಣ ಗಾಂಧಾರದಷ್ಟು ಏರಿಸಿ. ನಾದ ಗಟ್ಟಿಯಾಗಿ, ಹೆಚ್ಚು ಎಳೆಯದೆ ಬರುತ್ತದೆ. ಎರಡೂ ಒಂದೇ ಸ್ವರದಲ್ಲಿದ್ದರೆ ಝೇಂಕಾರ ನಿಲ್ಲುವುದೇ ಇಲ್ಲ. ಡ್ರಮ್‌ಗಳ ನಡುವೆ, ಫ್ಲೋರ್ ಟಾಮ್ ಪಂಚಮವಾದರೆ 12 ಇಂಚಿನ ಟಾಮ್ ಮೇಲಿನ ಷಡ್ಜ: 82 ಹರ್ಟ್ಸ್ ಮತ್ತು 110 ಹರ್ಟ್ಸ್. 10 ಇಂಚಿನ ಟಾಮ್ ಕೂಡ ಇದ್ದರೆ ಅದೇ ಅಂತರದಲ್ಲಿ 147. ಟಾಮ್ ಬಾರಿಸಿದಾಗೆಲ್ಲ ಸ್ನೇರ್ ತಂತಿ ತಾನೇ ಗುಯ್‌ಗುಟ್ಟಿದರೆ ಅದರ ಕೆಳಗಿನ ಹೆಡ್ ಟಾಮ್‌ನ ಸ್ವರಕ್ಕೆ ಹತ್ತಿರವಾಗಿದೆ. ಅರ್ಧ ಸ್ವರ ಆಚೀಚೆ ಮಾಡಿ.

ಜೋಡಣೆ ಸ್ಟೂಲಿನಿಂದ ಶುರು. ತೊಡೆ ಮೊಣಕಾಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರಲಿ. ಪೆಡಲ್, ಬಾಸ್ ಡ್ರಮ್, ಸ್ನೇರ್, ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಸಿಂಬಲ್ ಜೋಡಿ), ಟಾಮ್‌ಗಳು, ಕೊನೆಗೆ ಸಿಂಬಲ್, ಈ ಕ್ರಮದಲ್ಲಿ ಬನ್ನಿ. ಬಾಸ್ ಡ್ರಮ್‌ನ ಮುಂದಿನ ಹೂಪ್ (ಹೆಡ್ ಹಿಡಿದಿರುವ ಬಳೆ) ನೆಲದಿಂದ ಒಂದು ಇಂಚು ಮೇಲಿರುವಂತೆ ಕಾಲುಗಳನ್ನು ಇಳಿಸಿ. ಪೆಡಲ್ ಕಚ್ಚುವ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಇಡಿ, ಇಲ್ಲದಿದ್ದರೆ ಮೇಪಲ್ ಹೂಪ್‌ಗೆ ಗಾಯವಾಗುತ್ತದೆ. ಆರಡಿ ಚೌಕದ ಜಮಖಾನದ ಮೇಲೆ ಕಾಲುಗಳ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿದರೆ ಮರುದಿನ ಅಳೆಯುವ ಕೆಲಸವಿಲ್ಲ.

ಪ್ಲೈ ಶೆಲ್‌ನಲ್ಲಿ ಎಳೆಗಳು ಅಡ್ಡಡ್ಡ ಇರುವುದರಿಂದ ಮಂಗಳೂರಿನ ಜುಲೈ ತೇವಕ್ಕೂ ಬಳ್ಳಾರಿಯ ಮಾರ್ಚ್ ಒಣಹವೆಗೂ ಅದು ಅಷ್ಟಾಗಿ ಬಗ್ಗುವುದಿಲ್ಲ. ಕರಾವಳಿಯಲ್ಲಿ ಮೊದಲು ಹಾಳಾಗುವುದು ಕ್ರೋಮ್. ಬಾರಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಹೆಡ್ ಬದಲಿಸುವಾಗಲೆಲ್ಲ ರಾಡ್‌ನ ತುದಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿ. ಹೊಸ ಹೆಡ್ ಮೊದಲ ಎರಡು ದಿನ ಹಿಗ್ಗಿ ಇಳಿಯುತ್ತದೆ. ಮೂರನೇ ದಿನ ಮತ್ತೊಮ್ಮೆ ಸುತ್ತ ತಟ್ಟಿ, ಇಳಿದ ರಾಡ್‌ಗಳನ್ನು ಮಾತ್ರ ಎಂಟನೇ ಒಂದು ಸುತ್ತು ಏರಿಸಿ.