ಕನ್ನಡದಾಗ ಬರೆದ ೪೨

ಹತ್ತಿ ಸೀಜನ್‌ನಲ್ಲಿ ರಾಯಚೂರು ಎಪಿಎಂಸಿ ಕಡೆಯಿಂದ ಫೋನ್ ಬಂದರೆ ಸಾಮಾನ್ಯವಾಗಿ ಒಂದೇ ಅರ್ಥ, ಅಡತಿ ಅಂಗಡಿಗಳಿಗೆ ನಾವು ಮಾಡಿಕೊಟ್ಟ ಲೆಕ್ಕದ ಆಪ್ ಓಪನ್ ಆಗ್ತಿಲ್ಲ. ಆವತ್ತು ಹಾಗಿರಲಿಲ್ಲ. ಅಡತಿ ಅಂಗಡಿಯ ಗುಮಾಸ್ತರೊಬ್ಬರು ದನಿ ತಗ್ಗಿಸಿ ಹೇಳಿದರು, "ಸರ್, ಬಾಜೂ ಅಂಗಡಿಯವರ ಪಟ್ಟಿ ನಮ್ ಫೋನ್ನಾಗ ಕಾಣಕತ್ತಾವ್ರಿ. ಇನ್ನಾ ಯಾರಿಗೂ ಹೇಳಿಲ್ರಿ."

ಆ ಕೊನೆಯ ಮಾತಿಗೆ ಕೈ ಮುಗಿಯಬೇಕಿತ್ತು. ನನ್ನ ಬಾಯಿಂದ ಬಂದಿದ್ದು ಮಾತ್ರ, "ಕ್ಯಾಶ್ ಕ್ಲಿಯರ್ ಮಾಡಿ ನೋಡ್ರಿ." ಅವರು ಮಾಡಿದರು. ಮತ್ತೆ ಅದೇ. ಸ್ಕ್ರೀನ್‌ಶಾಟ್ ಕಳಿಸಿದರು. ಅಂಗಡಿ ನಂಬರ್ ಬಾಕ್ಸಿನಲ್ಲಿ ‘೪೨’. ಕೆಳಗೆ ಇಪ್ಪತ್ತು ಸಾಲು: ರೈತರ ಹೆಸರು, ಲಾಟ್, ತೂಕ, ರೇಟು. ಬಹುಪಾಲು ಅವರ ಅಂಗಡಿಯವಲ್ಲ.

ಆ ೪೨ ಅನ್ನು ನಾನು ನೋಡಿಯೂ ನೋಡಲಿಲ್ಲ. ಲಾಗಿನ್ ಆದವರು ಯಾರು ಅಂತ ಗುರುತು ಹೇಳೋ ಟೋಕನ್ ಅದಲುಬದಲಾಗಿದೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮುಕ್ಕಾಲು ಗಂಟೆ ಲಾಗಿನ್ ಕೋಡ್ ಕೆದಕಿದೆ. ಕೊನೆಗೆ ಸರ್ವರ್ ದಾಖಲೆ, ಅಂದರೆ ಲಾಗ್ ತೆಗೆದರೆ, 42 ಇರಬೇಕಾದ ಜಾಗದಲ್ಲಿ ಶೇಕಡಾ ಗುರುತುಗಳ ಉದ್ದನೆ ಸರ. ವೆಬ್ ವಿಳಾಸದೊಳಗೆ ಕನ್ನಡ ಅಕ್ಷರ ಹೋದರೆ ಹಾಗೆ ಕಾಣುತ್ತೆ. ಆಗ ಹೊಳೀತು. ಕನ್ನಡ ಓದೋ ಕಣ್ಣಿಗೆ ೪೨ ಅಂದ್ರೆ 42, ಅಲ್ವಾ? ನಮ್ಮ ಕೋಡ್ ಇರೋ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ, ಬರಹವನ್ನು ಸಂಖ್ಯೆ ಮಾಡೋ ‘ನಂಬರ್’ಗೆ ಅದು ನ್ಯಾನ್, ಸಂಖ್ಯೆಯೇ ಅಲ್ಲ. ಅದೇ ಕೆಲಸ ಮಾಡೋ ಪೈಥಾನ್ ಭಾಷೆಯ ‘ಇಂಟ್’ ಆಗಿದ್ದರೆ ಸುಮ್ನೆ 42 ಅಂತ ತಗೊಳ್ತಿತ್ತು.

ನ್ಯಾನ್ ಬಂದರೆ ಎರರ್ ಬರಬೇಕಿತ್ತು. ಬರ್ತಾನೂ ಇತ್ತು, ನಾನು ಕೈ ಹಾಕೋ ತನಕ. ಎರಡು ತಿಂಗಳ ಹಿಂದೆ ಟೆಸ್ಟಿಂಗ್‌ನವರು ಆ ಬಾಕ್ಸಿನಲ್ಲಿ ಅಕ್ಷರ ಹೊಡೆದು, 500, ಅಂದರೆ ಸರ್ವರ್ ಎರರ್, ಬಂತು ಅಂತ ಟಿಕೆಟ್ ಹಾಕಿದ್ದರು. ಶುಕ್ರವಾರ ಸಂಜೆ. ನಾನು ಆ ‘ನಂಬರ್’ ಪಕ್ಕ ಎರಡು ಉದ್ದ ಗೆರೆ (||, ‘ಅದಾಗದಿದ್ದರೆ’ ಅಂತ ಅರ್ಥ) ಎಳೆದು ‘ಅನ್‌ಡಿಫೈನ್ಡ್’ (ಏನೂ ಇಲ್ಲ) ಅಂತ ಸೇರಿಸಿದೆ. ಎರರ್ ಮಾಯ. ಟಿಕೆಟ್ ಮುಚ್ಚಿ ಮಿರ್ಚಿ ತಿನ್ನೋಕೆ ಹೋದೆ.

ಡೇಟಾಬೇಸ್ ಜೊತೆ ಮಾತಾಡೋಕೆ ನಾವು ಬಳಸೋ ಪ್ರಿಸ್ಮಾದಲ್ಲಿ, ಯಾವ ಸಾಲು ಬೇಕು ಅಂತ ಷರತ್ತು ಹಾಕೋ ‘ವೇರ್’ ಒಳಗೆ ಅನ್‌ಡಿಫೈನ್ಡ್ ಹೋದರೆ, ಆ ಷರತ್ತನ್ನೇ ಬರೆದಿಲ್ಲ ಅಂತ ಲೆಕ್ಕ. ಅಂದರೆ ಅಂಗಡಿ ನಂಬರ್ ಅರ್ಥ ಆಗದಿದ್ದರೆ ಇಡೀ ಯಾರ್ಡಿನ ಪಟ್ಟಿ ಎತ್ತಿ ಕೊಡು ಅಂತ ನಾನೇ ಬರೆದುಕೊಟ್ಟಿದ್ದೆ. ಟೆಸ್ಟ್ ಡೇಟಾಬೇಸ್‌ನಲ್ಲಿ ಇದ್ದಿದ್ದು ಒಂದೇ ಅಂಗಡಿ, ಹನ್ನೆರಡು ಸಾಲು. ಎಲ್ಲಾ ಬಂದರೂ ಸರಿಯಾಗೇ ಕಾಣೋದು.

ಇಷ್ಟೇ ಆಗಿದ್ದರೂ ಪರವಾಗಿರಲಿಲ್ಲ. ಸರ್ವರ್ ಏನೇನು ಕಳಿಸ್ತಿದೆ ಅಂತ ತೋರಿಸೋ ನೆಟ್‌ವರ್ಕ್ ಟ್ಯಾಬ್ ತೆಗೆದಾಗ ಕೈ ತಣ್ಣಗಾಯ್ತು. ಸ್ಕ್ರೀನಿನಲ್ಲಿ ನಾಲ್ಕೇ ಕಾಲಮ್. ಸರ್ವರ್ ಕಳಿಸ್ತಿದ್ದದ್ದು ಇಡೀ ಸಾಲು: ರೈತರ ಮೊಬೈಲ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಅಂಗಡಿಯವರು ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ ಅನ್ನೋದು. ಆ ಅಡ್ವಾನ್ಸ್ ಕಾಲಮ್ ಒಂದು ಸಾಕು, ಯಾರ್ಡಿನಲ್ಲಿ ಜಗಳ ಹಚ್ಚೋಕೆ. ಒಂದು ಸಲಕ್ಕೆ ಎಷ್ಟು ಸಾಲು ಬೇಕು ಅಂತ ಕೇಳೋ ಲಿಮಿಟ್‌ಗೂ ಮೇಲ್ಮಿತಿ ಇರಲಿಲ್ಲ. ಆಪ್ 20 ಕೇಳುತ್ತೆ ಅಂತ ಎಲ್ಲರೂ 20 ಕೇಳ್ತಾರೆ ಅಂದ್ಕೊಂಡಿದ್ದೆ.

ಮ್ಯಾನೇಜರ್‌ಗೆ ಹೇಳಿದೆ. "ಸದ್ಯಕ್ಕೆ ಆಪ್‌ನಲ್ಲಿ ಹೈಡ್ ಮಾಡಿಬಿಡು" ಅಂದರು. ಸರ್, ಅದು ಹೈಡ್ ಆಗೇ ಇದೆ, ಅದೇ ತೊಂದರೆ ಅಂದೆ. ಇಂಥದ್ದು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಅನ್ನೋ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶ ನೆನಪಿಸಿದ ಮೇಲೆ ದನಿ ಇಳೀತು.

ಬೇರೆ ಯಾರಾದರೂ ಬಾಚಿಕೊಂಡು ಹೋಗಿದ್ದಾರಾ? ಅಷ್ಟರಲ್ಲಿ ಕರೆಂಟ್ ಹೋಯ್ತು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಇಷ್ಟು ಹತ್ತಿರ ಇದ್ದರೂ ನಮ್ಮ ಗತಿ ಇದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಲಾಗ್ ಇಳಿಸಿ, ರೆಸ್ಪಾನ್ಸ್ ಸೈಜ್ ಪ್ರಕಾರ ಜೋಡಿಸಿದೆ. ಎಲ್ಲಾ ಕೆಬಿ ಲೆಕ್ಕದಲ್ಲಿ. ತುದಿಯಲ್ಲಿ ಒಂದೇ ಒಂದು, 11 ಎಂಬಿ. ಬೆವರು ಕಿತ್ತುಕೊಂಡು ಬಂತು. ಐಪಿ ನೋಡಿದೆ. ಎಲ್ಲೋ ನೋಡಿದ ಹಾಗಿದೆ. ನಮ್ಮ ಆಫೀಸಿನದ್ದೇ. ಅರ್ಧ ಗಂಟೆ ಮುಂಚೆ ಲಿಮಿಟ್ ಬಿಟ್ಟು, ಸರ್ವರ್‌ನ ನೇರವಾಗಿ ಕೇಳೋ ಕರ್ಲ್ ಕಮಾಂಡ್ ಹೊಡೆದು ನೋಡಿದ್ದು ನಾನೇ!

ರಿಪೋರ್ಟಿಗೆ ಒಂದು ಹೆಸರು ಬೇಕಂತೆ. ಸಾಫ್ಟ್‌ವೇರ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ 2019ರ ಎಪಿಐ (ಆಪ್ ಸರ್ವರ್ ಜೊತೆ ಮಾತಾಡೋ ದಾರಿ) ಅಪಾಯಗಳ ಪಟ್ಟಿಯಲ್ಲಿ ಇದು ಮೂರನೆಯದು, ಎಕ್ಸೆಸಿವ್ ಡೇಟಾ ಎಕ್ಸ್‌ಪೋಶರ್, ಅಂದರೆ ಬೇಕಿದ್ದಕ್ಕಿಂತ ಜಾಸ್ತಿ ಮಾಹಿತಿ ಹೊರಗೆ ಬಿಡೋದು. 2023ರಲ್ಲಿ ಮಾಸ್ ಅಸೈನ್‌ಮೆಂಟ್ ಅನ್ನೋ ಇನ್ನೊಂದು ಅಪಾಯದ ಜೊತೆ ಸೇರಿಸಿ ಉದ್ದ ಹೆಸರಿಟ್ಟಿದ್ದಾರೆ. ಮ್ಯಾನೇಜರ್‌ಗೆ ಉದ್ದದ್ದೇ ಇಷ್ಟ ಆಯ್ತು. ‘ಎರಡು ಗೆರೆ’ ಅಂತ ಬರೆದಿದ್ದರೆ ಜಾಸ್ತಿ ನಿಜ ಆಗ್ತಿತ್ತು.

ರಾತ್ರಿಯೇ ಸರಿ ಮಾಡಿದೆವು. ನಂಬರ್ ಅಲ್ಲದ್ದು ಬಂದರೆ 400, ಅಂದರೆ ಕೇಳಿದ್ದೇ ತಪ್ಪು ಅನ್ನೋ ಉತ್ತರ. ಬಂದ ನಂಬರ್ ಆ ಲಾಗಿನ್‌ಗೆ ಸೇರಿದ ಅಂಗಡಿಯದ್ದೇನಾ ಅಂತ ಸರ್ವರ್‌ನಲ್ಲೇ ಚೆಕ್. ಕೆಲವು ಗುಮಾಸ್ತರು ಎರಡು ಮೂರು ಅಂಗಡಿಯ ಲೆಕ್ಕ ಬರೀತಾರೆ, ಅದಕ್ಕೇ ಆ ಬಾಕ್ಸ್ ತೆಗೆಯೋಕೆ ಆಗಲ್ಲ. ಲಿಮಿಟ್ 50 ದಾಟಲ್ಲ. ಸ್ಕ್ರೀನಿಗೆ ಬೇಕಾದ ನಾಲ್ಕು ಕಾಲಮ್ ಬಿಟ್ಟು ಬೇರೇನೂ ಹೊರಗೆ ಹೋಗಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಗುಮಾಸ್ತರ ಫೋನ್. "ಸರ್, ಅಂಗಡಿ ನಂಬರ್ ತಪ್ಪು ಅಂತ ಬರಾಕತ್ತೈತ್ರಿ. ಕನ್ನಡದಾಗ ಬರದ್ರ ತಪ್ಪೇನ್ರಿ?"

ತಪ್ಪಿಲ್ರಿ ಅಂದೆ. ಸಂಜೆಯೊಳಗೆ ೦ಯಿಂದ ೯ರವರೆಗಿನ ಅಂಕಿಗಳನ್ನು ಬದಲಿಸೋ ಸಾಲು ಬರೆದೆ. ಈ ಸಲ ಟಿಕೆಟ್ ಮುಚ್ಚಿದ್ದು ಟೆಸ್ಟಿಂಗ್‌ನವರು.